‘ಸೆನ್ಸರ್ ಪ್ರಾಬ್ಲಂ ಮಗಾ’ ಅನ್ನೋ ಮುನ್ನ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ರೇಕ್ ಲೈಟ್ ಉರಿದರೆ ನಮ್ಮ ಕ್ಯಾಂಪಸ್ಸಿನಲ್ಲಿ ಮೂರೇ ಉತ್ತರ ಕೇಳಿಬರುತ್ತವೆ. ಒಂದು, ‘ಹ್ಯಾಂಡ್‌ಬ್ರೇಕ್ ಸ್ವಲ್ಪ ಎತ್ತಿರಬೇಕು ಬಿಡು.’ ಎರಡು, ‘ಸೆನ್ಸರ್ ಪ್ರಾಬ್ಲಂ ಮಗಾ.’ ಮೂರು, ‘ಸರ್ವೀಸ್‌ಗೆ ಬಿಟ್ಟಾಗ ಹೇಳಿದ್ರಾಯ್ತು.’ ನಾಲ್ಕನೇ ಉತ್ತರ ಒಂದಿದೆ: ‘ಗಾಡಿ ಸೈಡಿಗೆ ಹಾಕು, ಬಾನೆಟ್ ಎತ್ತಿ ನೋಡೋಣ.’ ಅದು ಮಾತ್ರ ಫ್ಲೂಯಿಡ್ ಮೆಕ್ಯಾನಿಕ್ಸ್ ಡಿಸ್ಟಿಂಕ್ಷನ್‌ನಲ್ಲಿ ಪಾಸು ಮಾಡಿದವರ ಬಾಯಲ್ಲೂ ಅಪರೂಪ.

ನಾವು ಇಲ್ಲಿ ಹೇಳಹೊರಟಿರೋದು ಒಂದೇ ಮಾತು. ಆ ಕೆಂಪು ದೀಪ ಬ್ರೇಕಿನದೇ ಒಂದು ಭಾಗ. ಪ್ಯಾಡು, ಡಿಸ್ಕು, ಮಾಸ್ಟರ್ ಸಿಲಿಂಡರ್ ಹೇಗೋ ಹಾಗೆ. ಬೇರೆ ಭಾಗಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಇದೊಂದು ಕೆಲಸ ಮಾಡಬೇಕಾದರೆ ಅದನ್ನು ಓದುವ ಮನುಷ್ಯ ಬೇಕು. ಓದದೆ ಓಡಿಸಿದರೆ ಬ್ರೇಕಿನ ಒಂದು ಭಾಗ ಕಿತ್ತಿಟ್ಟು ಓಡಿಸಿದ ಹಾಗೆಯೇ. ಎಂಜಿನಿಯರಿಂಗ್ ಓದುವ ನಾವು ಈ ಮಾತನ್ನು ಒಪ್ಪದಿದ್ದರೆ ಇನ್ಯಾರು ಒಪ್ಪಬೇಕು?

ಮೊದಲು ದೀಪ ಓದೋಣ

ಕೆಂಪು ದೀಪ: ವೃತ್ತದೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಎರಡೂ ಪಕ್ಕ ಕಂಸದಂಥ ಗೆರೆ. ಆ ಎರಡು ಗೆರೆಗಳು ಡ್ರಮ್ ಬ್ರೇಕಿನ ಎರಡು ಶೂಗಳ ಚಿತ್ರ. ವಾಹನಗಳ ಚಿಹ್ನೆಗಳಿಗೆಂದೇ ಐಎಸ್ಒ 2575 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇರುವುದರಿಂದ ಹಲಸೂರಲ್ಲಾಗಲಿ ಹ್ಯಾಂಬರ್ಗಲ್ಲಾಗಲಿ ಚಿತ್ರ ಒಂದೇ. ಇದು ಉರಿದರೆ ಅರ್ಥ ಎರಡರಲ್ಲಿ ಒಂದು: ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿಲ್ಲ, ಇಲ್ಲವೇ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದೆ. ಕೆಲವು ಕಾರುಗಳಲ್ಲಿ ಎರಡು ಬ್ರೇಕ್ ಸರ್ಕ್ಯೂಟುಗಳ ಒತ್ತಡದಲ್ಲಿ ವ್ಯತ್ಯಾಸ ಬಂದರೂ ಇದೇ ದೀಪ ಉರಿಯುತ್ತೆ.

ಹಳದಿ ದೀಪ: ಒಳಗೆ ಎಬಿಎಸ್ ಅಂತ ಬರೆದಿರುತ್ತೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ, ಹಾಗಾಗಿ ಈ ದೀಪ ಈಗ ಸಣ್ಣ ಕಾರಿನಲ್ಲೂ ಇದೆ. ಇದು ಒಂದೇ ಉರಿದರೆ ಮಾಮೂಲಿ ಬ್ರೇಕ್ ಇರುತ್ತೆ, ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಸೌಲಭ್ಯ ಇರೋದಿಲ್ಲ. ಬಹಳ ಸಲ ಕಾರಣ ಚಿಕ್ಕದು: ಚಕ್ರದ ಹತ್ತಿರದ ಸ್ಪೀಡ್ ಸೆನ್ಸರ್‌ಗೆ ಕೆಸರು ಮೆತ್ತಿರುತ್ತೆ, ಇಲ್ಲ ವೈರ್ ಕಿತ್ತಿರುತ್ತೆ. ನಿಧಾನಕ್ಕೆ, ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಬಿಟ್ಟು ಗ್ಯಾರೇಜಿಗೆ ಓಡಿಸಬಹುದು.

ಕೆಂಪು, ಹಳದಿ ಎರಡೂ ಸೇರಿ ಉರಿದರೆ ಮಾತು ಬೇರೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕ್ ಬಲ ಹಂಚುವ ಇಬಿಡಿ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಆಗ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡುವ ಸಾಧ್ಯತೆ ಇದೆ. ಎರಡೂ ಉರಿದರೆ ಗಾಡಿ ನಿಲ್ಲಿಸಬೇಕು, ಅಷ್ಟೇ.

ಇನ್ನೊಂದು ವಿಷಯ. ಕೀ ಆನ್ ಮಾಡಿದ ತಕ್ಷಣ ಈ ದೀಪಗಳೆಲ್ಲ ಒಂದೆರಡು ಸೆಕೆಂಡು ಉರಿದು ಆರಬೇಕು. ಅದು ದೀಪ ತಾನು ಬದುಕಿದ್ದೇನೆ ಅಂತ ಹಾಜರಿ ಹೇಳೋದು. ಹಾಜರಿಯೇ ಹೇಳದ ದೀಪ ಸತ್ತಿರುತ್ತೆ, ಇಲ್ಲ ಯಾರೋ ಬೇಕಂತಲೇ ಸಾಯಿಸಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಮ್ಯೂಸಿಕ್ ಸಿಸ್ಟಂ ಹಾಕಿ ನೋಡೋ ಮುಂಚೆ ಇದನ್ನ ನೋಡಿ.

ದಂಡು ಸ್ಟೇಷನ್ನಿನ ಪಾಠ

ದೀಪವನ್ನು ಬ್ರೇಕಿನ ಭಾಗ ಅಂತ ಯಾಕೆ ಕರೀತಿದ್ದೀವಿ ಅಂತ ಹೇಳಬೇಕಾದರೆ ಸ್ವಲ್ಪ ರೈಲಿನ ಕಡೆ ಹೋಗಬೇಕು. ನಮ್ಮ ದಂಡು ರೈಲ್ವೆ ಸ್ಟೇಷನ್ ಇದೆಯಲ್ಲ, ಈಗಿನ ಕ್ಯಾಂಟೋನ್ಮೆಂಟ್, ಅಲ್ಲಿಗೆ ಜೋಲಾರಪೇಟೆಯಿಂದ ರೈಲು ಮಾರ್ಗ ಬಂದಿದ್ದು 1864ರಲ್ಲಿ. ಆ ಕಾಲದ ರೈಲುಗಳನ್ನು ನಿಲ್ಲಿಸೋದೇ ದೊಡ್ಡ ಸಾಹಸ. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಒತ್ತಡದಿಂದ ಬ್ರೇಕ್ ಹಾಕುವ ವ್ಯವಸ್ಥೆ ಮಾಡಿದ. ಎಂಜಿನ್ನಿನಿಂದ ಪೈಪಿನಲ್ಲಿ ಗಾಳಿ ಕಳಿಸಿದರೆ ಬೋಗಿಗಳ ಬ್ರೇಕ್ ಹಿಡಿಯುತ್ತಿತ್ತು. ಆದರೆ ಪೈಪ್ ಒಡೆದರೆ ಬ್ರೇಕೇ ಇಲ್ಲ. 1872ರಲ್ಲಿ ಅವನೇ ಅದನ್ನು ತಲೆಕೆಳಗು ಮಾಡಿದ. ಪೈಪಿನಲ್ಲಿ ಒತ್ತಡ ಇರುವ ತನಕ ಬ್ರೇಕ್ ಬಿಟ್ಟಿರುತ್ತೆ, ಒತ್ತಡ ಇಳಿದರೆ ಹಿಡಿಯುತ್ತೆ. ಇವತ್ತು ನೀವು ರೈಲಿನಲ್ಲಿ ಚೈನ್ ಎಳೆದರೆ ಆಗೋದು ಇದೇ: ಬ್ರೇಕ್ ಪೈಪಿನ ಗಾಳಿ ಹೊರಗೆ ಹೋಗುತ್ತೆ, ರೈಲು ನಿಲ್ಲುತ್ತೆ. ಕೆಟ್ಟರೆ ನಿಲ್ಲೋದು, ಓಡೋದಲ್ಲ.

ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ‘ಉಸ್ಸ್’ ಅಂತ ಸದ್ದು ಮಾಡೋದು ಕೇಳಿರುತ್ತೀರಿ. ಅದೂ ಗಾಳಿ ಬ್ರೇಕೇ. ಸ್ಪ್ರಿಂಗ್ ಬ್ರೇಕ್ ಇರುವ ಬಸ್ಸು ಲಾರಿಗಳಲ್ಲಿ ಗಾಳಿಯ ಒತ್ತಡ ಇಲ್ಲದಿದ್ದರೆ ಸ್ಪ್ರಿಂಗ್ ಹಿಡಿದುಕೊಂಡು ಚಕ್ರ ತಿರುಗೋಕೇ ಬಿಡೋದಿಲ್ಲ.

ನಮ್ಮ ಕಾರಿನ ಕಥೆ ಉಲ್ಟಾ. ಕಾರಿನದು ದ್ರವದ ಬ್ರೇಕ್. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ ಪೈಪುಗಳ ಮೂಲಕ ನಾಲ್ಕೂ ಚಕ್ರಕ್ಕೆ ಹೋಗುತ್ತೆ. ಪಿಯುಸಿಯಲ್ಲಿ ಓದಿದ ಪ್ಯಾಸ್ಕಲ್ ನಿಯಮ. ಪೈಪ್ ಸೋರಿದರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಬ್ರೇಕ್ ಇಲ್ಲ, ಗಾಡಿ ಮಾತ್ರ ಆರಾಮಾಗಿ ಓಡ್ತಾ ಇರುತ್ತೆ. ಅಂದರೆ ಕೆಟ್ಟರೆ ಓಡುವ ಜಾತಿ ಇದು. ವೆಸ್ಟಿಂಗ್‌ಹೌಸ್ 1872ರಲ್ಲಿ ಬಿಟ್ಟುಬಂದ ಜಾತಿ.

ಹಾಗಿದ್ದೂ ಕಾರಿನಲ್ಲಿ ಇದನ್ನೇ ಇಟ್ಟುಕೊಂಡಿದ್ದಾರೆ. ಕಾರಣ ಇದು ಸಣ್ಣದು, ಹಗುರ, ಅಗ್ಗ, ಒತ್ತಿದ ಕೂಡಲೇ ಕೆಲಸ ಮಾಡುತ್ತೆ. ಅದರ ದೋಷಕ್ಕೆ ಎಂಜಿನಿಯರುಗಳು ಎರಡು ಪರಿಹಾರ ಕೊಟ್ಟರು. ಮೊದಲನೆಯದು, ಒಂದೇ ಸರ್ಕ್ಯೂಟನ್ನು ಎರಡು ಮಾಡಿದ್ದು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಒಂದು ಸರ್ಕ್ಯೂಟು, ಉಳಿದೆರಡು ಇನ್ನೊಂದು. ಒಂದು ಸೋರಿದರೆ ಇನ್ನೊಂದು ಕಾಯುತ್ತೆ. ಎರಡನೆಯದು, ಕೆಂಪು ದೀಪ. ಒಂದು ಸರ್ಕ್ಯೂಟು ಹೋದ ಸುದ್ದಿ ಡ್ರೈವರ್‌ಗೆ ತಲುಪದಿದ್ದರೆ ಎರಡು ಸರ್ಕ್ಯೂಟು ಇಟ್ಟಿದ್ದೇ ದಂಡ. ಎರಡನೆಯದೂ ಹೋಗುವ ತನಕ ಅವನು ಓಡಿಸುತ್ತಲೇ ಇರುತ್ತಾನೆ. ಈ ಕಾರಣಕ್ಕೇ ದೀಪವನ್ನು ಬ್ರೇಕಿನ ಭಾಗ ಅಂತ ಹೇಳಿದ್ದು. ರೈಲಿನಲ್ಲಿ ಒತ್ತಡ ಇಳಿದಾಗ ವಾಲ್ವ್ ಮಾಡುವ ಕೆಲಸವನ್ನು ಕಾರಿನಲ್ಲಿ ದೀಪ ಮತ್ತು ಡ್ರೈವರ್ ಸೇರಿ ಮಾಡಬೇಕು.

ಟಿನ್ ಫ್ಯಾಕ್ಟರಿ ಟ್ರಾಫಿಕ್ಕು ಮುಚ್ಚಿಡೋ ಗುಟ್ಟು

‘ದೀಪ ಉರಿದು ಎರಡು ವಾರ ಆಯ್ತು, ಗಾಡಿ ಚೆನ್ನಾಗೇ ನಿಲ್ತಿದೆ’ ಅನ್ನುವ ವಾದ ಇದೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ವಾದಕ್ಕೆ ಬಲ ಜಾಸ್ತಿ. ಇಂದಿರಾನಗರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ತೂಗುಸೇತುವೆ ಹತ್ತೋ ಹೊತ್ತಿಗೆ ಬ್ರೇಕ್ ಪೆಡಲನ್ನು ಎಷ್ಟು ಸಲ ತುಳಿದಿರುತ್ತೀವೋ ಲೆಕ್ಕ ಇಲ್ಲ. ಪ್ರತಿ ಸಲವೂ ಗಾಡಿ ನಿಂತಿದೆ. ಹಾಗಾದರೆ ಬ್ರೇಕ್ ಸರಿ ಇದೆ ಅಂತಲ್ಲವೇ?

ಒಂದು ಚಿಕ್ಕ ಲೆಕ್ಕ ಮಾಡೋಣ. ಬ್ರೇಕ್ ಪೂರ್ತಿ ಸರಿ ಇರುವ ಕಾರು ಸೆಕೆಂಡಿಗೆ ಸೆಕೆಂಡಿಗೆ 7 ಮೀಟರ್‌ನಂತೆ ವೇಗ ಕಳೆದುಕೊಳ್ಳುತ್ತೆ ಅಂತ ಇಟ್ಟುಕೊಳ್ಳಿ. ಒಂದು ಸರ್ಕ್ಯೂಟು ಹೋಗಿ ಬ್ರೇಕ್ ಬಲ ಅರ್ಧ ಆದರೆ ಅದು 3.5. ಟ್ರಾಫಿಕ್ಕಿನ ಗಂಟೆಗೆ 15 ಕಿ.ಮೀ. ವೇಗದಲ್ಲಿ ಪೂರ್ತಿ ಬ್ರೇಕಿನ ಕಾರು ಸುಮಾರು 1.2 ಮೀಟರಿನಲ್ಲಿ ನಿಲ್ಲುತ್ತೆ, ಅರ್ಧ ಬ್ರೇಕಿನದು 2.5 ಮೀಟರಿನಲ್ಲಿ. ವ್ಯತ್ಯಾಸ ಒಂದೂಕಾಲು ಮೀಟರ್. ಅಲ್ಲಿ ಯಾರೂ ಪೂರ್ತಿ ಬಲ ಬಿಟ್ಟು ತುಳಿಯೋದೂ ಇಲ್ಲ, ಹಾಗಾಗಿ ಅದೂ ಗೊತ್ತಾಗಲ್ಲ.

ಈಗ ಅದೇ ಕಾರು ಕೆ.ಆರ್. ಪುರ ದಾಟಿ, ಹೊಸಕೋಟೆ ಕಡೆ ರಸ್ತೆ ಖಾಲಿ ಸಿಕ್ಕಿ, 60ಕ್ಕೆ ಬಂತು ಅನ್ನಿ. ಪೂರ್ತಿ ಬ್ರೇಕಿಗೆ 20 ಮೀಟರ್, ಅರ್ಧ ಬ್ರೇಕಿಗೆ 40 ಮೀಟರ್. ವ್ಯತ್ಯಾಸ 20 ಮೀಟರ್, ಅಂದರೆ ನಮ್ಮ ಸಣ್ಣ ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಐದು ಕಾರಿನ ಉದ್ದ. 80ರಲ್ಲಿ ಈ ವ್ಯತ್ಯಾಸ 35 ಮೀಟರ್. ಇಂದಿರಾನಗರದ 100 ಅಡಿ ರಸ್ತೆಯ ಅಗಲಕ್ಕಿಂತ ಜಾಸ್ತಿ. ಮುಂದಿನ ಲಾರಿ ನಿಂತಾಗ ಆ ಮೀಟರುಗಳನ್ನು ಎಲ್ಲಿಂದ ತರೋದು?

ಹೀಗಾಗಿ ‘ಎರಡು ವಾರ ಓಡಿದೆ’ ಅನ್ನೋದು ಸಾಕ್ಷಿಯೇ ಆಗೋದಿಲ್ಲ. ಎರಡು ವಾರ ಅದು ಪರೀಕ್ಷೆಯನ್ನೇ ಬರೆದಿಲ್ಲ. ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ ಅಂತಾರಲ್ಲ, ಅದು ಇದೇ.

ಇನ್ನೂ ಒಂದು ಸೂಕ್ಷ್ಮ ಇದೆ. ಆಯಿಲ್ ಡಬ್ಬಿಯೊಳಗೆ ಅಯಸ್ಕಾಂತ ಇರುವ ಒಂದು ತೇಲು ಇರುತ್ತೆ, ಮಟ್ಟ ಇಳಿದಾಗ ಅದು ಇಳಿದು ಸ್ವಿಚ್ ಹಾಕುತ್ತೆ. ಮಟ್ಟ ಅಂಚಿನಲ್ಲಿದ್ದರೆ ಸಮ ರಸ್ತೆಯಲ್ಲಿ ದೀಪ ಆರಿರುತ್ತೆ. ದೊಮ್ಮಲೂರು ಫ್ಲೈಓವರ್ ಇಳಿಯುವಾಗಲೋ ಟ್ರಿನಿಟಿ ಸರ್ಕಲ್ಲಿನಲ್ಲಿ ತಿರುಗುವಾಗಲೋ ಆಯಿಲ್ ಒಂದು ಪಕ್ಕಕ್ಕೆ ವಾಲಿ ಪಕ್ ಅಂತ ಉರಿದು ಆರುತ್ತೆ. ‘ಲೂಸ್ ಕಾಂಟ್ಯಾಕ್ಟ್’ ಅಂತ ಬಿಟ್ಟುಬಿಡೋದು ಈ ಮಿಣುಕನ್ನೇ. ಹಾಗೆ ಮಿಣುಕಿದರೆ ಅದು ಮೊದಲ ನೋಟಿಸು.

ಒಂದು ದೀಪ, ಹಲವು ಕೆಲಸ

ಇಷ್ಟು ಹೇಳಿದ ಮೇಲೆ ಓಡಿಸುವವರ ಪರವಾಗಿಯೂ ಒಂದು ಮಾತು ಆಡಬೇಕು. ಬಹಳಷ್ಟು ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ಆಯಿಲ್ ಮಟ್ಟಕ್ಕೂ ಒಂದೇ ಕೆಂಪು ದೀಪ. ಲಾಜಿಕ್ ಡಿಸೈನ್ ಲ್ಯಾಬಿನ ಭಾಷೆಯಲ್ಲಿ ಇದು ‘ಆರ್’ ಗೇಟ್. ಯಾವ ಇನ್‌ಪುಟ್ ಒಂದಾದರೂ ಔಟ್‌ಪುಟ್ ಒಂದೇ. ಹ್ಯಾಂಡ್‌ಬ್ರೇಕ್ ಎತ್ತಿರೋದು ದಿನಾ ನಡೆಯೋ ಸಂಗತಿ, ಅದರಿಂದ ಪ್ರಾಣಕ್ಕೇನೂ ಇಲ್ಲ. ಆಯಿಲ್ ಸೋರೋದು ವರ್ಷಕ್ಕೊಮ್ಮೆಯೂ ಆಗದಿರಬಹುದು, ಆದರೆ ಆದರೆ ಪ್ರಾಣದ ಪ್ರಶ್ನೆ. ಇವೆರಡನ್ನೂ ಒಂದೇ ದೀಪಕ್ಕೆ ಕಟ್ಟಿದರೆ ಏನಾಗುತ್ತೆ? ದಿನಾ ‘ತೋಳ ಬಂತು ತೋಳ’ ಅಂತ ಕೂಗಿದ ಹುಡುಗನ ಕಥೆ ಆಗುತ್ತೆ. ಪ್ರತಿ ಬೆಳಿಗ್ಗೆ ಆ ಕೆಂಪನ್ನು ನೋಡಿ ನೋಡಿ ಕಣ್ಣು ಅದನ್ನು ಗೋಡೆಯ ಬಣ್ಣದ ಹಾಗೆ ಕಾಣೋಕೆ ಶುರುಮಾಡುತ್ತೆ.

ಇದು ಡ್ರೈವರನ ಸೋಮಾರಿತನ ಮಾತ್ರ ಅಂತ ನಾವು ಒಪ್ಪೋದಿಲ್ಲ; ಇದು ವಿನ್ಯಾಸದ ದೋಷವೂ ಹೌದು. ಹ್ಯಾಂಡ್‌ಬ್ರೇಕಿಗೆ ಬೇರೆ ದೀಪ, ಆಯಿಲ್‌ಗೆ ಬೇರೆ ದೀಪ ಕೊಡೋದಕ್ಕೆ ಬೇಕಾಗಿರೋದು ಇನ್ನೊಂದು ಎಲ್ಇಡಿ, ಇನ್ನೊಂದು ತುಂಡು ವೈರ್. ಸ್ಕ್ರೀನ್ ಇರುವ ದುಬಾರಿ ಕಾರುಗಳು ಅಕ್ಷರದಲ್ಲಿ ಬರೆದು ಕಾರಣ ಹೇಳುತ್ತವೆ. ಕಡಿಮೆ ಬೆಲೆಯ ಕಾರಿನವರು ಊಹಿಸಿಕೊಳ್ಳಬೇಕು. ಪ್ರಾಣದ ವಿಷಯದಲ್ಲಿ ಈ ಭೇದ ಸರಿಯಲ್ಲ. ನಮ್ಮಲ್ಲಿ ಅನೇಕರು ನಾಳೆ ಇದೇ ಊರಿನಲ್ಲಿ ವಾಹನ ಕಂಪನಿಗಳಿಗೆ ಕೋಡ್ ಬರೆಯೋರು, ವೈರಿಂಗ್ ಚಿತ್ರ ಬಿಡಿಸೋರು. ರಿವ್ಯೂ ಮೀಟಿಂಗಿನಲ್ಲಿ ಕೂತಾಗ ಈ ಒಂದು ವೈರಿನ ಪರ ಕೈ ಎತ್ತಿ. ಜೊತೆಗೆ, ಸ್ಕ್ರೀನಿನಲ್ಲಿ ಅಕ್ಷರ ಬರೋದಾದರೆ ಅದು ಕನ್ನಡದಲ್ಲೂ ಬರಲಿ ಅಂತ ಕೇಳಿ. ‘ಬ್ರೇಕ್ ಆಯಿಲ್ ಕಡಿಮೆ ಇದೆ, ಗಾಡಿ ನಿಲ್ಲಿಸಿ’ ಅನ್ನೋಕೆ ಹೆಚ್ಚು ಮೆಮೊರಿ ಏನೂ ಬೇಡ.

ಇನ್ನು ‘ಸೆನ್ಸರ್ ಪ್ರಾಬ್ಲಂ’. ಸೆನ್ಸರ್ ಕೆಡೋದು ನಿಜ. ತೇಲು ಸಿಕ್ಕಿಹಾಕಿಕೊಳ್ಳುತ್ತೆ, ಹ್ಯಾಂಡ್‌ಬ್ರೇಕ್ ಕೆಳಗಿನ ಸ್ವಿಚ್ ಜರುಗುತ್ತೆ. ಆದರೆ ಸೆನ್ಸರ್ ಕೆಟ್ಟು ಸದಾ ಉರಿಯುವ ದೀಪ, ನಿಜವಾಗಿ ಆಯಿಲ್ ಸೋರಿದ ದಿನ ಹೊಸದಾಗಿ ಉರಿಯೋದಾದರೂ ಹೇಗೆ? ಆಗಲೇ ಉರಿಯುತ್ತಿದೆಯಲ್ಲ! ಹಾಗಾಗಿ ಸೆನ್ಸರ್ ಪ್ರಾಬ್ಲಂ ಅನ್ನೋದು ಸಮಾಧಾನದ ಮಾತಲ್ಲ, ರಿಪೇರಿಗೆ ಕಾರಣ.

ಗುಜರಿ, ಗ್ಯಾರೇಜು, ದುಡ್ಡು

ದುಡ್ಡಿನ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯಿಂದ ಬಂದು ಕೆ.ಆರ್. ಪುರದ ಸುತ್ತ ಕ್ಯಾಬ್ ಓಡಿಸುವ ಅಣ್ಣಂದಿರಿಗೆ ಗಾಡಿ ಅರ್ಧ ದಿನ ಗ್ಯಾರೇಜಿನಲ್ಲಿ ನಿಂತರೆ ಅರ್ಧ ದಿನದ ದುಡಿಮೆ ಹೋಯ್ತು, ಕಂತು ಮಾತ್ರ ನಿಲ್ಲೋದಿಲ್ಲ. ‘ದೀಪ ಉರಿದರೆ ನಿಲ್ಲಿಸಿ’ ಅಂತ ಎಸಿ ಕ್ಲಾಸಿನಲ್ಲಿ ಕೂತು ಹೇಳೋದು ಸುಲಭ. ಆದರೆ ಕೆಂಪು ದೀಪದ ಮೊದಲ ತಪಾಸಣೆಗೆ ದುಡ್ಡೇ ಬೇಡ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ. ಆರಲಿಲ್ಲವೇ, ಬಾನೆಟ್ ಎತ್ತಿ. ಎಂಜಿನ್ ಹಿಂದೆ ಡ್ರೈವರ್ ಕಡೆ ಇರುವ ಬಿಳಿ ಡಬ್ಬಿಯಲ್ಲಿ ಮಿನ್, ಮ್ಯಾಕ್ಸ್ ಗೆರೆ ನೋಡಿ. ನಾಲ್ಕೂ ಚಕ್ರದ ಒಳಮಗ್ಗುಲು ಒದ್ದೆ ಇದೆಯಾ ಅಂತ ಬಗ್ಗಿ ನೋಡಿ. ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಕೆಳಗಿಳಿಯುತ್ತಾ ನೋಡಿ. ಐದು ನಿಮಿಷದ ಕೆಲಸ. ಕ್ಯಾಬಿನವರ ಅರ್ಧ ದಿನ ಉಳಿಸೋದೂ ಇದೇ ಐದು ನಿಮಿಷ.

ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ನಮ್ಮವರ ಮೊದಲ ಕೆಲಸ ಟಾಪ್ ಅಪ್ ಮಾಡೋದು. ಇಲ್ಲೇ ಎಡವೋದು. ಬ್ರೇಕ್ ಆಯಿಲ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ವ್ಯವಸ್ಥೆಯೊಳಗೆ ಇರುವಂಥದ್ದು. ಅದು ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ, ಇಲ್ಲವೇ ಪ್ಯಾಡ್ ಸವೆದು ಕ್ಯಾಲಿಪರಿನ ಪಿಸ್ಟನ್ ಮುಂದೆ ಬಂದು, ಆ ಜಾಗ ತುಂಬಲು ಆಯಿಲ್ ಕೆಳಗಿಳಿದಿದೆ. ಕಾರಣ ನೋಡದೆ ಮೇಲಿಂದ ಸುರಿದರೆ ದೀಪ ಆರುತ್ತೆ, ರೋಗ ಹಾಗೇ ಇರುತ್ತೆ.

ಸುರಿಯೋದಾದರೂ ಏನನ್ನು? ಬೀದಿಯಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಅಂತಾರೆ, ನಾವೂ ಹಾಗೇ ಬರೆಯುತ್ತಿದ್ದೀವಿ. ಆದರೆ ಅದು ಎಣ್ಣೆಯಲ್ಲ. ಸಾಮಾನ್ಯ ಕಾರುಗಳ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಈಥರ್ ಜಾತಿಯವು. ಹೆಸರು ನಂಬಿ ಎಂಜಿನ್ ಆಯಿಲ್ಲನ್ನೋ ಸ್ಟೀರಿಂಗ್ ಆಯಿಲ್ಲನ್ನೋ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಕೆಟ್ಟು ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತೆ. ಡಬ್ಬಿಯ ಮುಚ್ಚಳದ ಮೇಲೆಯೇ ಯಾವ ಡಾಟ್ ಅಂತ ಅಚ್ಚೊತ್ತಿರುತ್ತೆ, ಅದನ್ನೇ ಹಾಕಬೇಕು.

ಶಿವಾಜಿನಗರದ ಗುಜರಿ ಬಗ್ಗೆ ನಮಗೆ ಗೌರವ ಇದೆ. ಪ್ರಾಜೆಕ್ಟಿಗೆ ಬೇಕಾದ ಮೋಟರು, ಕನ್ನಡಿ, ಬಾಗಿಲ ಹ್ಯಾಂಡಲ್, ಹಳೇ ಕಾರಿನ ಸಿಗದ ಬಿಡಿಭಾಗ ಎಲ್ಲ ಅಲ್ಲಿ ಸಿಗುತ್ತೆ. ಉರ್ದು, ತಮಿಳು, ಕನ್ನಡ ಬೆರೆಸಿ ಚೌಕಾಸಿ ಮಾಡೋ ಕಲೆಯನ್ನೂ ಆ ಗಲ್ಲಿಗಳು ಕಲಿಸುತ್ತವೆ. ಪೆಡಲ್ ಮೇಲೆ ಕಾಲಿಟ್ಟು ‘ಗಾಳಿ ಸೇರಿದೆ’ ಅಂತ ಹೇಳಬಲ್ಲ ಮೇಸ್ತ್ರಿಗಳು ಆ ಕಡೆ ಗ್ಯಾರೇಜುಗಳಲ್ಲಿದ್ದಾರೆ, ಅವರ ಕಾಲಿಗಿರುವ ಜ್ಞಾನ ನಮ್ಮ ತಲೆಗಿಲ್ಲ. ಆದರೆ ಬ್ರೇಕ್ ಪ್ಯಾಡು, ಹೋಸು, ಸೀಲ್ ಕಿಟ್ಟು ಈ ಮೂರನ್ನು ಮಾತ್ರ ಸೆಕೆಂಡ್ ಹ್ಯಾಂಡ್ ತರಬೇಡಿ, ಯಾರೇ ಎಷ್ಟೇ ಕಡಿಮೆಗೆ ಕೊಡಲಿ. ಅರ್ಧ ಲೀಟರ್ ಬ್ರೇಕ್ ಆಯಿಲ್‌ನ ಬೆಲೆ ಇಂದಿರಾನಗರದಲ್ಲಿ ನಾಲ್ಕು ಜನ ಕೂತು ತಿಂದ ಬಿಲ್ಲಿಗಿಂತ ಕಡಿಮೆ.

ದೀಪಕ್ಕೆ ಕಾಣದ್ದು

ದೀಪವನ್ನು ಹೊಗಳಿದ್ದಾಯಿತು, ಅದರ ಮಿತಿಯನ್ನೂ ಹೇಳಬೇಕು. ದೀಪ ಉರಿದರೆ ಏನೋ ಇದೆ. ಆರಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥವಲ್ಲ.

ಪರೀಕ್ಷೆ ಮುಗಿದ ವಾರ ನಮ್ಮ ಹುಡುಗರ ಅರ್ಧ ಕ್ಯಾಂಪಸ್ಸು ಸೂರ್ಯೋದಯಕ್ಕೆ ನಂದಿಬೆಟ್ಟದಲ್ಲಿರುತ್ತೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಇಳಿಯುವಾಗ ಕಾರು ಮತ್ತು ಐದು ಜನ ಸೇರಿ 1,200 ಕೆ.ಜಿ., ಇಳಿತ 400 ಮೀಟರ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎಂಜಿಎಚ್ ಸೂತ್ರ ಹಾಕಿದರೆ ಸುಮಾರು 4.7 ಮೆಗಾಜೂಲ್; 15 ಲೀಟರ್ ತಣ್ಣೀರನ್ನು ಕುದಿಯುವ ಬಿಸಿಗೆ ತರುವಷ್ಟು ಶಕ್ತಿ. ಎಂಜಿನ್ ಮತ್ತು ಗಾಳಿ ಒಂದಷ್ಟು ಹೀರಿಕೊಂಡರೂ, ನ್ಯೂಟ್ರಲ್ ಹಾಕಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಹೆಚ್ಚಿನದು ಡಿಸ್ಕಿಗೆ, ಅಲ್ಲಿಂದ ಆಯಿಲ್‌ಗೆ ಹೋಗುತ್ತೆ.

ಹೊಸ ಡಾಟ್ 4 ಕುದಿಯೋದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುತ್ತೆ. ಶೇ. 3.7ರಷ್ಟು ನೀರು ಸೇರಿದರೆ ಮಾನದಂಡ ಕೇಳುವ ಕನಿಷ್ಠ ಕುದಿಬಿಂದು 155ಕ್ಕೆ ಇಳಿಯುತ್ತೆ, ಡಾಟ್ 3 ಆದರೆ 140ಕ್ಕೆ. ಕುದಿದರೆ ಒಳಗೆ ಆವಿ ಗುಳ್ಳೆ. ದ್ರವ ಕುಗ್ಗೋದಿಲ್ಲ, ಆವಿ ಕುಗ್ಗುತ್ತೆ. ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲೋದಿಲ್ಲ. ಡಬ್ಬಿಯಲ್ಲಿ ಮಟ್ಟ ಮ್ಯಾಕ್ಸ್‌ನಲ್ಲೇ ಇರೋದರಿಂದ ದೀಪ ತೆಪ್ಪಗಿರುತ್ತೆ. ಹಾಗಾಗಿಯೇ ತಯಾರಕರು ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಆಯಿಲ್ ಬದಲಿಸಿ ಅಂತ ಪುಸ್ತಕದಲ್ಲಿ ಬರೆದಿರೋದು. ಬೆಟ್ಟ ಇಳಿಯುವಾಗ ಎರಡನೇ ಗೇರ್, ಮಧ್ಯೆ ಮಧ್ಯೆ ಬ್ರೇಕ್; ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಹಾಕೋ ಜಾಣತನ ಬೇಡ.

ಪೆಡಲ್ ಕೂಡ ಮಾತಾಡುತ್ತೆ, ಕೇಳಿಸಿಕೊಳ್ಳಿ. ಮೆತ್ತಗಾಗಿ ಕೆಳಗೆ ಹೋದರೆ ದ್ರವದ ಕಡೆ ತೊಂದರೆ: ಗಾಳಿ, ಆವಿ, ಸೋರಿಕೆ. ಕಲ್ಲಿನ ಹಾಗೆ ಗಟ್ಟಿಯಾದರೆ ಬೂಸ್ಟರ್ ಕಡೆ ತೊಂದರೆ. ಒತ್ತಿದಾಗ ಕೀರಲು ಸದ್ದು ಬಂದರೆ ಪ್ಯಾಡ್ ಸವೆದಿದೆ ಅಂತ ಹೇಳೋಕೆಂದೇ ಇಟ್ಟ ಲೋಹದ ತುಂಡು ಡಿಸ್ಕಿಗೆ ತಾಗುತ್ತಿರಬಹುದು.

ಓಡ್ತಾ ಇರುವಾಗ ಉರಿದರೆ

ಗಾಬರಿ ಬೇಡ. ಆಕ್ಸಿಲರೇಟರ್ ಬಿಡಿ, ಹಝಾರ್ಡ್ ಲೈಟ್ ಹಾಕಿ, ಪೆಡಲ್ ಮೆಲ್ಲಗೆ ಒತ್ತಿ ನೋಡಿ. ಹಿಡಿಯುತ್ತಿದ್ದರೆ ಎಡಕ್ಕೆ ಬಂದು ನಿಲ್ಲಿಸಿ. ಪೆಡಲ್ ಕೆಳಗೆ ಹೋಗುತ್ತಿದ್ದರೆ ಬೇಗ ಬೇಗ ಪಂಪ್ ಮಾಡಿ, ಒತ್ತಡ ಸ್ವಲ್ಪ ಕೂಡಬಹುದು. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪಸ್ವಲ್ಪವಾಗಿ ಎಳೆಯಿರಿ. ಅದು ಕೇಬಲ್ ಮೂಲಕ ಹಿಂದಿನ ಚಕ್ರ ಹಿಡಿಯೋದರಿಂದ ಆಯಿಲ್ ಇಲ್ಲದಿದ್ದರೂ ಕೆಲಸ ಮಾಡುತ್ತೆ. ಒಮ್ಮೆಲೇ ಜಗ್ಗಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತೆ. ಸ್ವಿಚ್ ಇರುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಆದರೆ ಸಾಮಾನ್ಯವಾಗಿ ಸ್ವಿಚ್ ಎತ್ತಿ ಹಿಡಿದೇ ಇರಬೇಕು. ಗಾಡಿ ನಿಲ್ಲೋ ತನಕ ಕೀ ಆಫ್ ಮಾಡಬೇಡಿ. ಬೂಸ್ಟರ್ ಮತ್ತು ಪವರ್ ಸ್ಟೀರಿಂಗ್ ಎರಡೂ ಕೈಬಿಡುತ್ತವೆ.

ನಿಂತ ಮೇಲೆ ಆಯಿಲ್ ಮಿನ್ ಗೆರೆಗಿಂತ ಕೆಳಗಿದ್ದರೆ ‘ಇನ್ನೇನು ಎರಡೇ ಕಿಲೋಮೀಟರ್’ ಅನ್ನಬೇಡಿ. ಗ್ಯಾರೇಜಿನವರನ್ನು ಕರೆಸಿ, ಇಲ್ಲ ಟೋ ಮಾಡಿಸಿ.

ಕಾನೂನೂ ಇದನ್ನೇ ಹೇಳುತ್ತೆ. ಮೋಟಾರು ವಾಹನ ಕಾಯ್ದೆ 1988ರ 190ನೇ ಕಲಮಿನ ಪ್ರಕಾರ, ಅಪಾಯಕಾರಿ ದೋಷ ಇದೆ ಅಂತ ಗೊತ್ತಿದ್ದು ಓಡಿಸೋದಷ್ಟೇ ಅಲ್ಲ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗುತ್ತಿತ್ತು ಅನ್ನುವಂಥ ದೋಷ ಇಟ್ಟುಕೊಂಡು ಓಡಿಸೋದೂ ಅಪರಾಧ. ಕಣ್ಣೆದುರೇ ಕೆಂಪು ದೀಪ ಉರಿಯುತ್ತಿದ್ದಾಗ ‘ಗೊತ್ತಿರಲಿಲ್ಲ ಸಾರ್’ ಅನ್ನೋಕೆ ಜಾಗ ಎಲ್ಲಿ? ದಂಡ ಕಟ್ಟಬಹುದು. ಸಿಗ್ನಲ್ಲಿನಲ್ಲಿ ರಸ್ತೆ ದಾಟುತ್ತಿದ್ದವರು ನಮ್ಮ ಆ ಹೆಚ್ಚಿನ 20 ಮೀಟರಿನೊಳಗೆ ಸಿಕ್ಕಿದ್ದರೆ, ಅದಕ್ಕೆ ಯಾವ ದಂಡವೂ ಸಾಲದು.

ನಮ್ಮ ಬೇಡಿಕೆ

ನಮ್ಮಲ್ಲಿ ಸ್ವಂತ ಕಾರು ಇರುವವರು ಕಡಿಮೆ. ಅಪ್ಪನ ಕಾರು, ಮಾವನ ಕಾರು, ಗೆಳೆಯನ ಕಾರು, ಸೆಲ್ಫ್ ಡ್ರೈವ್ ಬಾಡಿಗೆ ಕಾರು ಇವೇ ಜಾಸ್ತಿ. ಬೇರೆಯವರ ಗಾಡಿಯ ದೀಪ ಬೇರೆಯವರ ತಲೆನೋವು ಅನ್ನುವ ಭಾವನೆ ಇಲ್ಲೇ ಹುಟ್ಟೋದು. ಆದರೆ ಸ್ಟೀರಿಂಗ್ ಯಾರ ಕೈಯಲ್ಲಿದೆಯೋ ದೀಪ ಅವರದು. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಗೀರುಗಳ ವಿಡಿಯೋ ಮಾಡೋದು ಎಲ್ಲರಿಗೂ ಗೊತ್ತು. ಕೀ ಆನ್ ಮಾಡಿ ದೀಪಗಳ ಹಾಜರಿಯನ್ನೂ ಅದೇ ವಿಡಿಯೋದಲ್ಲಿ ಹಿಡಿಯಿರಿ. ಕೆಂಪು ಆರದಿದ್ದರೆ ಆ ಗಾಡಿ ಬೇಡ ಅನ್ನಿ. ಹಿಂದಿನ ಸೀಟಿನಲ್ಲಿ ಕೂತವರಿಗೂ ‘ಏನೋ ಕೆಂಪಗೆ ಉರೀತಿದೆಯಲ್ಲ’ ಅಂತ ಕೇಳುವ ಹಕ್ಕಿದೆ. ಕೇಳಿದವರನ್ನು ಪುಕ್ಕಲ ಅಂತ ಆಡಿಕೊಳ್ಳೋದನ್ನು ಬಿಡೋಣ.

ಕನ್ನಡ ಸಂಘದ ಕಡೆಯಿಂದ ಒಂದು ಸಲಹೆ. ಈ ದೀಪಗಳ ಚಿತ್ರ, ಅರ್ಥ, ಮಾಡಬೇಕಾದ ಕೆಲಸ ಮೂರನ್ನೂ ಸರಳ ಕನ್ನಡದಲ್ಲಿ ಅರ್ಧ ಹಾಳೆಗೆ ಇಳಿಸೋಣ. ಮೆಕ್ಯಾನಿಕಲ್ ವಿಭಾಗದ ಲ್ಯಾಬ್ ಸಹಾಯಕರು ಒಮ್ಮೆ ತಿದ್ದಿಕೊಡಲಿ. ನಮ್ಮ ಪಾರ್ಕಿಂಗಿನ ಗೋಡೆಗೆ, ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಒಂದೊಂದು ಅಂಟಿಸೋಣ. ಗೇಟಿನ ಹೊರಗೆ ನಿಲ್ಲುವ ಕ್ಯಾಬ್ ಅಣ್ಣಂದಿರಿಗೆ ಒಂದೊಂದು ಕೊಡೋಣ. ಅವರು ಅದರಲ್ಲಿ ನಮಗೆ ಗೊತ್ತಿಲ್ಲದ ಎರಡು ವಿಷಯ ಸೇರಿಸಿದರೂ ಆಶ್ಚರ್ಯವಿಲ್ಲ. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಾವುಟ ಕಟ್ಟುವ ಸಂಘಕ್ಕೆ ಡ್ಯಾಶ್‌ಬೋರ್ಡಿನ ಹಳದಿ ಕೆಂಪನ್ನೂ ಓದಿಸುವ ಜವಾಬ್ದಾರಿ ಇದೆ ಅಂತ ನಾವು ನಂಬಿದ್ದೀವಿ. ಹಾಳೆ ಬರೆಯೋಕೆ, ಚಿತ್ರ ಬಿಡಿಸೋಕೆ ಕೈಜೋಡಿಸುವವರು ಈ ವಾರ ಸಂಘದ ಕೊಠಡಿಗೆ ಬನ್ನಿ. ಬರುವ ಮುಂಚೆ ನೀವು ಓಡಿಸುವ ಗಾಡಿಯ ಬಾನೆಟ್ ಎತ್ತಿ, ಮಿನ್ ಗೆರೆಗೂ ಆಯಿಲ್‌ಗೂ ಎಷ್ಟು ಅಂತರ ಇದೆ ಅಂತ ನೋಡಿಕೊಂಡು ಬನ್ನಿ.